ಹೊಟ್ಟೆ ಕೊಯ್ಯುವಾಗ ನನಗೆ ಎಚ್ಚರವಿತ್ತು

೨೦೦೬ರಲ್ಲಿ ಪಿತ್ತಕೋಶದ ಕಲ್ಲು ತೆಗೆಸಲು ನಾನು ರಬಕವಿಯಿಂದ ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಸೂಜಿ ಚುಚ್ಚಿದರು. ಕೈಕಾಲು ಅಲುಗಲಿಲ್ಲ, ಕಣ್ಣು ತೆರೆಯಲಾಗಲಿಲ್ಲ, ಆದರೆ ನಿದ್ದೆ ಬರಲೇ ಇಲ್ಲ. ಹೊಟ್ಟೆ ಕೊಯ್ದದ್ದು ಪೂರ್ತಿ ತಿಳಿಯಿತು. ಕಿರುಚಬೇಕೆಂದರೆ ನಾಲಿಗೆಯೂ ನನ್ನ ಮಾತು ಕೇಳಲಿಲ್ಲ. ನನ್ನ ಹೊಟ್ಟೆಯೊಳಗೆ ಕೈಯಿಟ್ಟುಕೊಂಡೇ ಡಾಕ್ಟರು, ಮುಧೋಳದಿಂದ ತಂದ ನಾಯಿಮರಿ ಹಾಲು ಕುಡಿಯುತ್ತಿಲ್ಲವೆಂದು ಯಾರಿಗೋ ಹೇಳುತ್ತಿದ್ದರು.

ಆಗ ಹಣೆಯ ಮೇಲೊಂದು ಕೈ ಬಂತು. ಒದ್ದೆಯಾಗಿತ್ತು, ಬಾವಿಯ ತಳದ ಕಲ್ಲಿನಷ್ಟು ತಣ್ಣಗಿತ್ತು. ಕಿವಿಯ ಹತ್ತಿರ ಹೆಂಗಸೊಬ್ಬಳ ದನಿ ಕೇಳಿಸಿತು: "ನನಗೂ ಎಚ್ಚರ ಇತ್ತವ್ವಾ. ಇವರಿಗೆ ಗೊತ್ತಾಗೂದಿಲ್ಲ." ಹೊಲಿಗೆ ಮುಗಿಯುವವರೆಗೂ ಆ ಕೈ ಅಲ್ಲೇ ಇತ್ತು. ಒಮ್ಮೆಯೂ ಬೆಚ್ಚಗಾಗಲಿಲ್ಲ.

ಮರುದಿನ ಡಾಕ್ಟರಿಗೆ ಹೇಳಿದರೆ ನಕ್ಕರು. "ಕನಸ ಬಿದ್ದಿರತೈತಿ ಸುಮನಕ್ಕಾ."

ನನಗೆ ಮೈ ಉರಿಯಿತು. "ನಿಮ್ಮ ನಾಯಿಮರಿ ಹಾಲ ಬಿಟ್ಟದ್ದೂ ನನ್ನ ಕನಸೇನ್ರಿ? ಎಚ್ಚರ ಇದ್ದಾಕಿನ್ನ ಕೊಯ್ದು ಈಗ ನಗಾಕತ್ತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ? ತಲಿ ಹತ್ರ ನಿಂತಿದ್ದ ಆ ಹೆಣ್ಮಗಳನ್ನ ಕರೀರಿ, ಆಕಿ ಹೇಳತಾಳ."

"ಒಳಗ ಹೆಣ್ಮಕ್ಕಳ ಯಾರೂ ಇರಲಿಲ್ಲ," ಎಂದರು.

ಅವಳು ಆಡಿದ ಮಾತನ್ನು ಹಾಗೆಯೇ ಹೇಳಿದೆ. ಡಾಕ್ಟರ ನಗು ನಿಂತಿತು. ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿ ಕೇಳಿದರು:

"ಆಕಿ ಹೆಸರ ಏನರ ಹೇಳಿದಳೇನು?"

"ಯಾರ ಹೆಸರ್ರೀ?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ. ಅವರು ಬಾಗಿಲು ತೆಗೆದು ಹೊರಟುಹೋದರು. ಹೊಲಿಗೆ ಬಿಚ್ಚಲು ಬೇರೆ ಡಾಕ್ಟರನ್ನು ಕಳಿಸಿದರು.