ಅಂಗೈಯ ತೂಕ

"ಬಸುರಿ ಹೆಂಗಸು ಈ ಮನೇಲಿ ಕತ್ತಲಲ್ಲಿ ಒಬ್ಬಳೇ ತಿನ್ನಬಾರದು ಕಣೇ. ಹಸಿವಾದ್ರೆ ನನ್ನ ಎಬ್ಬಿಸು. ದೀಪ ಹಾಕು, ಆಮೇಲೆ ತಿನ್ನು," ಎಂದಳು ಅತ್ತೆ.

"ಯಾಕತ್ತೆ, ಕತ್ತಲಿಗೂ ಬಾಯಿದ್ಯಾ?" ಹೊಸ ಸೊಸೆ ಕಿಸಕ್ಕನೆ ನಕ್ಕಳು.

ಅತ್ತೆ ನಗಲಿಲ್ಲ. ಸೊಂಟದಲ್ಲಿದ್ದ ಬೀಗದಕೈ ಗೊಂಚಲನ್ನು ಮುಟ್ಟಿ ನೋಡಿಕೊಂಡಳು.

ಸೊಸೆ ಬೇಕರಿಯಲ್ಲಿ ಹಿಟ್ಟು ತೂಗುವವಳು. ತಕ್ಕಡಿಗಿಂತ ಅವಳ ಅಂಗೈಯೇ ಚುರುಕು. ಉಂಡೆ ಐದು ಗ್ರಾಂ ಕಡಿಮೆಯಿದ್ದರೂ ಕೈ ಹೇಳಿಬಿಡುತ್ತಿತ್ತು. ಅಂಥವಳಿಗೆ ಬಸಿರು ನಿಂತ ಮೇಲೆ ಹಗಲಲ್ಲಿ ಊಟ ಕಂಡರೆ ವಾಕರಿಕೆ, ಜೊತೆಗೆ ಊದಿಕೊಂಡುಬಿಡುತ್ತೇನೆಂಬ ಹುಚ್ಚು ಭಯ. ಎಲ್ಲರೆದುರು ತಟ್ಟೆ ದೂಡುವಳು. ನಡುರಾತ್ರಿ ಹಸಿವು ಕರುಳು ಹಿಂಡಿದಾಗ ಕಳ್ಳಿಯಂತೆ ಎದ್ದು, ಡಬ್ಬಿ ತಡಕಿ, ನಿಂತಲ್ಲೇ ಗಬಗಬ ಮುಕ್ಕುವಳು. ದೀಪ ಹಾಕಿದರೆ ಮರ್ಯಾದೆ ಹೋಗುತ್ತದಲ್ಲ!

ಏಳನೇ ತಿಂಗಳಲ್ಲಿ ನರ್ಸ್ ಹೊಟ್ಟೆಗೆ ಟೇಪು ಹಿಡಿದು ರೇಗಿದಳು. "ಏನಮ್ಮಾ, ಗಾಳಿ ಕುಡಿದು ಬದುಕ್ತಿದ್ದೀಯಾ? ಮಗು ಬೆಳೀತಾನೇ ಇಲ್ಲ. ಹೀಗೇ ಆದ್ರೆ ಉಳಿಯಲ್ಲ."

ಸೊಸೆ ಮನಸ್ಸಲ್ಲೇ ಲೆಕ್ಕ ಹಾಕಿದಳು. ಇಷ್ಟು ದಿನ ರಾತ್ರಿ ತಿಂದದ್ದೆಲ್ಲ ಎಲ್ಲಿ ಹೋಯಿತು?

ಅಂದು ಬೇಕರಿಯಿಂದ ನಾಲ್ಕು ಬನ್ ತಂದಳು. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋದಳು. ಮುಸುರೆಯ ವಾಸನೆ. ಅದರಡಿಯಲ್ಲಿ ಹುಳಿತ ಎದೆಹಾಲಿನ ಕಮಟು. ಒಂದು ಬನ್ ಅಂಗೈ ಮೇಲಿಟ್ಟುಕೊಂಡಳು. ಐವತ್ತು ಗ್ರಾಂ. ಬಾಯಿಗೆ ಇನ್ನೂ ಒಯ್ದಿರಲಿಲ್ಲ. ನಲವತ್ತು. ಉಸಿರು ಬಿಗಿಹಿಡಿದಳು. ಮೂವತ್ತು. ಪಕ್ಕದಲ್ಲೇ ಅಗಿಯುವ ಸದ್ದು. ಹತ್ತು. ಒದ್ದೆ ತುಟಿ ಅಂಗೈ ಸವರಿತು. ತಣ್ಣನೆಯ ತುಟಿ. ಬನ್ ಇರಲಿಲ್ಲ. ಹಲ್ಲು ಈಗ ಬೆರಳು ಹುಡುಕುತ್ತಿತ್ತು.

ಕಿರುಚಿದಳು. ಓಡಿಬಂದು ದೀಪ ಹಾಕಿದ ಅತ್ತೆ ಹೊಸ್ತಿಲಲ್ಲೇ ಕುಸಿದಳು.

"ಹಿರಿಸೊಸೆ ಕಣೇ ಅದು. ಅವಳೂ ನಿನ್ನ ಹಾಗೆ ರಾತ್ರಿ ತಿಂತಿದ್ಳು. ಕಳ್ಳಿ ಅಂತ ನಾನೇ ಅಡುಗೆಮನೆಗೆ ಬೀಗ ಜಡಿದೆ. ಏಳು ತಿಂಗಳ ಹೊಟ್ಟೇಲಿ ಹಸಿದೇ ಸತ್ಲು. ಸಾಯೋಕೆ ಮುಂಚೆ ತಲೆಕೂದಲು ಕಿತ್ತು, ಮಂತ್ರ ಹೇಳಿ ಗಂಟು ಹಾಕಿ, ಈ ಹೊಸ್ತಿಲ ಸಂದಿಗೆ ತುರುಕಿದ್ಳು. 'ಇಲ್ಲಿ ಬಸುರಿ ಕದ್ದು ತಿಂದದ್ದೆಲ್ಲ ನನ್ನ ಮಗೂಗೆ' ಅಂದ್ಳು."

"ಮೊದ್ಲೇ ಬಾಯಿಬಿಡೋಕೆ ಏನಾಗಿತ್ತು ನಿಮಗೆ?"

"ಯಾವ ಬಾಯಲ್ಲಿ ಹೇಳ್ಲಿ?"

ಸೊಸೆಗೆ ಮೈಯೆಲ್ಲ ಉರಿಯಿತು. ಅತ್ತೆಯ ಸೊಂಟದಿಂದ ಗೊಂಚಲು ಕಿತ್ತು, ಉಳಿದ ಬನ್ನುಗಳ ಜೊತೆ ತಟ್ಟೆಯಲ್ಲಿಟ್ಟು ದೀಪ ಆರಿಸಿದಳು.

"ತಗೋ ಅಕ್ಕ. ಇನ್ಮೇಲೆ ಈ ಮನೆ ಬಾಗಿಲೆಲ್ಲ ನಿಂದೇ. ನನ್ನ ಮಗೂನ ಬಿಡು."

ಗೊಂಚಲು ಝಣ್ಣೆಂದಿತು. ಬೆಳಿಗ್ಗೆ ತಟ್ಟೆ ಖಾಲಿ.

ಅಂದಿನಿಂದ ವಾಕರಿಕೆ ಬಂದರೂ ಬಿಡದೆ, ಹಗಲಲ್ಲೇ ಎಲ್ಲರ ಮುಂದೆ ಕೂತು ತಿಂದಳು. ಮಗು ಹುಟ್ಟಿತು. ಕೈಗೆ ತೆಗೆದುಕೊಂಡ ಕೂಡಲೇ "ಎರಡೂಮುಕ್ಕಾಲು ಕೇಜಿ" ಎಂದಳು. ನರ್ಸಿನ ತಕ್ಕಡಿಯೂ ಅಷ್ಟೇ ತೋರಿಸಿತು. ಸೊಸೆ ಗಳಗಳನೆ ಅತ್ತಳು.

ಮನೆಗೆ ಬಂದ ಮೊದಲ ರಾತ್ರಿ ಕತ್ತಲಲ್ಲೇ ಹಾಲೂಡಿಸಿದಳು. ಇನ್ನೇನು ಭಯ? ಮಗು ಕುಡಿದು ನಿದ್ದೆ ಹೋಯಿತು. ಎತ್ತಿ ಪಕ್ಕದಲ್ಲಿ ಮಲಗಿಸಿದಳು.

ತೊಡೆ ಹಗುರಾಗಲಿಲ್ಲ.

ಇನ್ನೊಂದು ಎದೆಗೆ ತಣ್ಣನೆಯ ತುಟಿ ತಗುಲಿತು. ಎಳೆಯಿತು. ಅಂಗೈ ತಾನಾಗಿಯೇ ತೂಗಿತು. ಒಂದು ಕೇಜಿ. ಏಳು ತಿಂಗಳ ಬಸಿರಿನ ಮಗು. ಒಂದೂಕಾಲು. ಒಂದೂವರೆ. ದೀಪದ ಸ್ವಿಚ್ಚು ಬಾಗಿಲಾಚೆ ಇತ್ತು. ಏಳಲು ಹೋದಳು.

ಬಾಗಿಲಾಚೆ ಗೊಂಚಲು ಝಣ್ಣೆಂದಿತು. ಹೊರಗಿನಿಂದ ಬೀಗ ಬಿತ್ತು.