ಅಂಗಿ ಹೊಲಿಸಲು ಬಂದವನು

ಎಡಗೈಯಿಂದ ಅವನ ಎದೆಯ ಸುತ್ತ ಟೇಪು ಹಾಯಿಸಿದೆ. ಇನ್ನೊಂದು ತುದಿಯನ್ನು ಅವನೇ ಹಿಡಿದುಕೊಂಡ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ಬೇಕಾದಷ್ಟು ಕಂಡಿದ್ದೆ, ಹೀಗೆ ನನ್ನನ್ನೇ ನೆಟ್ಟು ನೋಡುವವನನ್ನು ಕಂಡಿರಲಿಲ್ಲ.

"ಅಳತೆ ನಾನು ತಗೋತಿರೋದೋ, ನೀವೋ?" ಅಂದೆ.

"ನೀವೇ. ನಾನು ಸುಮ್ನೆ ನೋಡ್ತಿದೀನಿ, ಅಷ್ಟೇ."

ಮೆಷಿನ್ ಮುಂದೆ ಕೂತಿದ್ದ ತಂಗಿ ಕಿಸಕ್ಕನೆ ನಕ್ಕಳು.

ಹೋದ ವರ್ಷ ನನ್ನ ಸರ ಕಿತ್ತ ಕಳ್ಳ ಚಾಕು ಬೀಸಿದಾಗ ಬಲಗೈಯ ನರ ತುಂಡಾಗಿತ್ತು. ಸರ್ಕಾರದ ಪರಿಹಾರ ಬಂದರೆ ಇನ್ನೊಂದು ಆಪರೇಷನ್ ಮಾಡಿಸಬಹುದು, ಬೆರಳು ಮತ್ತೆ ಮಡಚಬಹುದು ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಅಳತೆ ನನ್ನದು, ಹೊಲಿಗೆ ತಂಗಿಯದು.

ಆಮೇಲೆ ಅವನು ಬಂದದ್ದೇ ಬಂದದ್ದು. ಒಮ್ಮೆ ಕಾಲರ್ ನೆಪ, ಒಮ್ಮೆ ಜೇಬಿನ ನೆಪ.

"ಇವತ್ತೇನು ಕಥೆ?"

"ಗುಂಡಿ ಬಿಳೀದು ಹಾಕ್ತೀರೋ ಕಪ್ಪೋ ಅಂತ ಯೋಚ್ನೆ ಮಾಡಿ ನಿದ್ದೇನೇ ಬರ್ಲಿಲ್ಲ."

"ಪಾಪ!"

"ನೀವೇ ಹೊಲೀತೀರಾ ತಾನೇ?"

"ಮತ್ತಿನ್ಯಾರು? ಮನೇಲಿ ಕೂತು ನಾನೇ ಹೊಲೀತಿದೀನಿ," ಅಂದುಬಿಟ್ಟೆ. ಅಯ್ಯೋ ಪಾಪ ಎಂದು ನೋಡುವ ಕಣ್ಣುಗಳು ನನಗೆ ಸಾಕಾಗಿದ್ದವು. ಈ ಎರಡು ಕಣ್ಣಾದರೂ ನನ್ನನ್ನು ಬೇರೆ ಥರ ನೋಡಲಿ ಎಂಬ ಆಸೆ. ಬಲಗೈಯನ್ನು ಮೇಜಿನ ಮೇಲಿದ್ದ ಬಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡೆ.

ತಂಗಿ ಹೊಲಿದ ನೀಲಿ ಅಂಗಿಯನ್ನು ಸವರುತ್ತಾ ಅವನು "ಎಂಥಾ ಕೈರೀ ನಿಮ್ದು!" ಅಂದಾಗ ನಾನು ಪೆದ್ದಿ ಹಿಗ್ಗಿ ಹೀರೇಕಾಯಿಯಾದೆ.

ಪರಿಹಾರದ ವಿಚಾರಣೆಗೆ ಕರೆದರು. ಹೋದರೆ, ಆಫೀಸರ್ ಮೇಡಂ ಪಕ್ಕದಲ್ಲಿ ಅವನು! ಮೈಮೇಲೆ ಅದೇ ನೀಲಿ ಅಂಗಿ. ಅರ್ಜಿ ಹಾಕಿದವರ ತೊಂದರೆ ನಿಜವೋ ಅಲ್ಲವೋ ಎಂದು ಗುಟ್ಟಾಗಿ ನೋಡಿಬರುವುದೇ ಅವನ ಕೆಲಸವಂತೆ.

"ಕೈ ಸರಿಹೋಗಿದೆ ಮೇಡಂ," ತಲೆ ತಗ್ಗಿಸಿಯೇ ಹೇಳಿದ. "ಈ ಅಂಗಿ ಇವರೇ ಹೊಲಿದದ್ದು."

ಆಪರೇಷನ್ ಕೈತಪ್ಪುತ್ತಿದೆ ಅನ್ನುವುದು ಆಮೇಲೆ ಹೊಳೆಯಿತು. ಮೊದಲು ಹೊಳೆದದ್ದು, ಅವನ ಆ ನೋಟವೆಲ್ಲ ಬರೀ ತನಿಖೆ ಎಂದು.

ಎದ್ದು ಅವನೆದುರು ನಿಂತೆ. ಅವನ ಕೊರಳ ಗುಂಡಿಯನ್ನು ಬಲಗೈಯಿಂದ ಹಾಕಲು ಹೋದೆ. ಬೆರಳು ಜಾರಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಜಾರಿತು. ಅವನ ಮುಖ ಬಿಳಿಚಿಕೊಂಡಿತು.

"ಹೊಲಿದವಳು ನನ್ನ ತಂಗಿ," ಅಂದೆ. "ನೀವು ಅಯ್ಯೋ ಪಾಪ ಅನ್ನಬಾರದು ಅಂತ ಸುಳ್ಳು ಹೇಳಿದೆ."

ಮೇಡಂ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಇದನ್ನ ಸರಿಹೋಗಿದೆ ಅಂತೀರೇನ್ರೀ?" ಎಂದು ಅವನನ್ನು ಗದರಿ, ನನ್ನತ್ತ ತಿರುಗಿದರು. "ಪರಿಹಾರ ಮಂಜೂರು ಮಾಡ್ತೀನಮ್ಮ. ಆಪರೇಷನ್ ಮಾಡಿಸ್ಕೋ."

ಮೆಟ್ಟಿಲ ಹತ್ತಿರ ಅವನು ಓಡಿಬಂದ.

"ಮೊದಲ ಸಲ ಮಾತ್ರ ಕೆಲಸಕ್ಕೆ ಬಂದಿದ್ದು. ಆಮೇಲೆಲ್ಲ ನಿಮ್ಮನ್ನ ನೋಡೋಕೇ ಬಂದೆ. ನಿಜವಾಗ್ಲೂ ನಿಮ್ಮನ್ನ ಪ್ರೀತಿಸ್ತೀನಿ."

"ಆಮೇಲಾದ್ರೂ ನೀವ್ಯಾರು ಅಂತ ಹೇಳ್ಬಹುದಿತ್ತಲ್ಲ?"

ನನಗೂ ಅವನೆಂದರೆ ಪ್ರಾಣ. ಅದಕ್ಕೇ ಇಷ್ಟು ಉರಿಯುತ್ತಿತ್ತು.

ಕೊರಳ ಗುಂಡಿ ಹಾಗೇ ತೆರೆದಿತ್ತು. ಎಡಗೈಯಿಂದ ನಿಧಾನವಾಗಿ ಹಾಕಿದೆ. ಅವನ ಕಣ್ಣು ತುಂಬಿತು, ನನ್ನದೂ.

"ಇನ್ಮೇಲೆ ಬೇರೆ ಕಡೆ ಹೊಲಿಸ್ಕೊಳ್ಳಿ," ಎಂದು ಮೆಟ್ಟಿಲಿಳಿದೆ.