ಬಟ್ಟೆ ಮುಚ್ಚಿದ ಪರದೆಯ ಮುಂದೆ ಮೂರು ನಿಮಿಷ

ವಾಚಕ ಮಹಾಶಯರೇ, ಈ ಕಥಾನಕದಲ್ಲಿ ಹೆಣವನ್ನಾಗಲಿ, ಕದ್ದ ವಜ್ರವನ್ನಾಗಲಿ ತಾವು ನಿರೀಕ್ಷಿಸಬಾರದೆಂದು ಆದಿಯಲ್ಲೇ ವಿಜ್ಞಾಪಿಸಿಕೊಳ್ಳಲಾಗಿದೆ. ಇಲ್ಲಿ ಕಳುವಾದದ್ದು ಮೂರು ನಿಮಿಷಗಳ ಮಾತು. ಪತ್ತೇದಾರರಿಗೆ ದೊರೆತ ಸುಳಿವುಗಳೆಲ್ಲವನ್ನೂ ತಮ್ಮ ಮುಂದೆಯೂ ಇಡಲಾಗುವುದು. ಅವರಿಗಿಂತ ಮೊದಲೇ ತಾವು ಕಳ್ಳನನ್ನು ಹಿಡಿದರೆ ಯಾರಿಗೂ ಬೇಸರವಿಲ್ಲ.

ಆ ಪತ್ತೇದಾರರು ನಲವತ್ತು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರರಾಗಿದ್ದು ನಿವೃತ್ತರಾದವರು. ಉಡುಪು ಕಾರ್ಖಾನೆಯ ಸಿಬ್ಬಂದಿಗೆಂದು ಕಟ್ಟಿಸಿದ ವಸತಿಗೃಹದ ನೆಲಮಹಡಿಯಲ್ಲಿ ಮಗಳೊಂದಿಗಿದ್ದರು. ಕಟ್ಟಡಕ್ಕೆಲ್ಲ ಅವರು ತಾತ. ಸೈಕಲ್ ಕಾಣೆಯಾದರೂ, ಹೆಸರಿಲ್ಲದ ಪತ್ರ ಬಂದರೂ ಜನ ಮೊದಲು ಬಡಿಯುತ್ತಿದ್ದುದು ಅವರ ಬಾಗಿಲನ್ನೇ. ಅವರ ಒಡನಾಡಿ ಪುಸ್ತಕದಣ್ಣ, ಹಳೆಯ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆಯುವ ವ್ಯಾಪಾರಿ. ಎರಡು ದಿನಕ್ಕೆಂದು ಬಂದು ತಾತನ ಹಜಾರದಲ್ಲಿ ಒಂದು ವಾರದಿಂದ ಬೇರುಬಿಟ್ಟಿದ್ದ.

ಆ ಭಾನುವಾರ ಬೆಳಗ್ಗೆ ಒಳನುಗ್ಗಿದವಳು ಎರಡನೆಯ ಮಹಡಿಯ ಹೊಲಿಗೆಯವಳು. ಹುಟ್ಟಿನಿಂದ ತೊದಲು ಇದ್ದುದರಿಂದ ಅವಳು ಬಾಯಿ ತೆರೆಯುತ್ತಿದ್ದುದೇ ಅಪರೂಪ. ಅದಕ್ಕೇ ಕಾರ್ಖಾನೆಯವರು ಅವಳಿಗೆ ಮೌನಕ್ಕ ಎಂದು ಹೆಸರಿಟ್ಟಿದ್ದರು. ಅಂದು ಮಾತ್ರ ಅವಳ ಕಣ್ಣುಗಳು ಕೆಂಡ ಕಾರುತ್ತಿದ್ದವು.

"ತಾತ, ನಂಗೆ ನ್ಯಾಯ ಬೇಡ. ಸೇ... ಸೇಡು ಬೇಕು. ನನ್ನ ವೈರು ಕತ್ತರಿಸಿದೋರು ಯಾರು ಹೇಳಿ. ಮಿಕ್ಕಿದ್ದು ನಾ ನೋಡ್ಕೋತೀನಿ."

"ಮೊದಲು ಕೂತ್ಕೋ ಮಗಳೇ. ಸೇಡು ಎಲ್ಲಿಗೂ ಓಡಿಹೋಗಲ್ಲ," ಎಂದ ತಾತ, ಪೆನ್ಸಿಲು ಹಿಡಿದು ಕಣ್ಣು ಮುಚ್ಚಿದರು. ಯಾರ ಮಾತನ್ನು ಕೇಳುವಾಗಲೂ ಅವರು ಕಣ್ಣು ಮುಚ್ಚಿಯೇ ಬರೆಯುವರು.

ಅವಳು ತಡೆತಡೆದು ಹೇಳಿದ್ದು ಇಷ್ಟು. ಕಾರ್ಖಾನೆಯ ಶಾಖೆಗಳಿಗೆಲ್ಲ ಒಬ್ಬ ತರಬೇತುದಾರರನ್ನು ಆರಿಸಬೇಕಿತ್ತು. ಅಭ್ಯರ್ಥಿಗಳು ಆನ್‌ಲೈನಿನಲ್ಲಿ ಆರು ತಿಂಗಳು ಭಾಷಣ ಕಲಿತು, ಕೊನೆಗೆ ಆಶುಭಾಷಣದ ಪರೀಕ್ಷೆ ಕೊಡಬೇಕು. ಪರೀಕ್ಷಕರು ಕ್ಯಾಮೆರಾದ ಮುಂದೆಯೇ ಚೀಟಿ ಎತ್ತಿ ವಿಷಯ ಓದುತ್ತಾರೆ. ಯಾರೂ ಪರದೆ ನೋಡಿಕೊಂಡು ಓದಬಾರದೆಂದು, ಭಾಷಣಕಾರರು ಕ್ಯಾಮೆರಾದ ಕಣ್ಣೊಂದನ್ನು ಬಿಟ್ಟು ಪರದೆಯ ಮೇಲೆ ಕಪ್ಪು ಬಟ್ಟೆ ಇಳಿಬಿಡಬೇಕು. ಗಡಿಯಾರವೂ ಕಾಣದ ಕಾರಣ ಎರಡೂವರೆ ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ. "ಗಂಟೆ ಕೇಳಿಸಿತು" ಎಂದು ಹೇಳಿ, ಮೂರು ನಿಮಿಷದೊಳಗೆ ಮಾತು ಮುಗಿಸಬೇಕು. ಶನಿವಾರ ನಾಲ್ಕು ಗಂಟೆಗೆ ಸರಿಯಾಗಿ ಇಬ್ಬರನ್ನು ಎರಡು ಬೇರೆ ಬೇರೆ ತರಗತಿಗಳಲ್ಲಿ ಮಾತಿಗೆ ನಿಲ್ಲಿಸಿದ್ದರು. ಮೌನಕ್ಕನನ್ನು ಭಾಷಣ ಕಲಿಸುವ ಮೇಷ್ಟ್ರೇ ಪರೀಕ್ಷಿಸಿದರೆ, ಮೂರನೆಯ ಮಹಡಿಯ ಕಟಿಂಗ್ ಮಾಸ್ಟರನನ್ನು ಅವರ ಸಹಾಯಕಿ ಪರೀಕ್ಷಿಸಿದಳು.

"ನಂಗೆ ಬಂದ ವಿಷಯ ಬೀಗ," ಎಂದಳು ಮೌನಕ್ಕ. "ಮೂರು ನಿಮಿಷ ಮಾತಾಡ್ದೆ ತಾತ. ಒಂದೇ ಒಂದು ಕಡೇನೂ ನಾಲಿಗೆ ತಡೀಲಿಲ್ಲ. ಜೀವಮಾನದಲ್ಲೇ ಮೊದಲನೇ ಸಲ. ಗಂಟೆ ಕೇಳಿಸ್ಲಿಲ್ಲ, ನಾನೇ ಮೈಮರೆತೆ ಅನ್ಕೊಂಡೆ. ಬಟ್ಟೆ ಎತ್ತಿ ನೋಡಿದ್ರೆ ಪರದೆ ಮೇಲೆ ಯಾರೂ ಇಲ್ಲ."

ಮೂರನೆಯ ಮಹಡಿಯ ಪೆಟ್ಟಿಗೆಯಲ್ಲಿ ಅವಳ ಕೋಣೆಯ ಇಂಟರ್‌ನೆಟ್ ವೈರನ್ನು ಯಾರೋ ಕತ್ತರಿಸಿ, ಸಂಪರ್ಕ ಇಪ್ಪತ್ತೈದನೆಯ ಸೆಕೆಂಡಿಗೇ ಕಡಿದಿತ್ತು. ತರಗತಿಯ ನಲವತ್ತು ಮಂದಿ ಕಂಡದ್ದು ಬಾಯಿ ಅರೆತೆರೆದು ಕಲ್ಲಾದ ಅವಳ ಮುಖವನ್ನು ಮಾತ್ರ. 'ಪಾಪ, ತೊದಲು ಕಚ್ಚಿಕೊಂಡಿತು' ಎಂದುಕೊಂಡು ಕೆಲವರು ನಕ್ಕರು. ಮೇಷ್ಟ್ರು ಸೊನ್ನೆ ಹಾಕಿದರು.

"ಇದು ಗುಂಡಿಯಕ್ಕನದೇ ಕೆಲಸ," ಎಂದು ಅವಳು ಮುಷ್ಟಿ ಬಿಗಿದಳು. ಅಂಗಿಗಳಿಗೆ ಗುಂಡಿ ಹಚ್ಚುವ ವಿಭಾಗದ ಆ ಹೆಂಗಸೂ ಅಭ್ಯರ್ಥಿಯಾಗಿದ್ದು, ಹಿಂದಿನ ಸುತ್ತಿನಲ್ಲೇ ಸೋತಿದ್ದಳು. ಆ ಹೊತ್ತಿನಲ್ಲಿ ಅವಳ ಕ್ಯಾಮೆರಾ ಆರಿತ್ತು. ವೈರುಗಳ ಪೆಟ್ಟಿಗೆಯ ಕೆಳಗೆ ಸಿಕ್ಕಿದ್ದೂ ಅವಳದೇ ನೂಲುಗತ್ತರಿ.

ತಾತ ಪುಸ್ತಕದಣ್ಣನೊಂದಿಗೆ ಮೂರನೆಯ ಮಹಡಿ ಹತ್ತಿದರು. ಮೆಟ್ಟಿಲ ತಿರುವಿನಲ್ಲಿದ್ದ ಪೆಟ್ಟಿಗೆಯಲ್ಲಿ ಪ್ರತಿ ವೈರಿಗೂ ಕೋಣೆಯ ಸಂಖ್ಯೆಯ ಚೀಟಿ ಅಂಟಿಸಿತ್ತು. ಮೌನಕ್ಕನ ಕೋಣೆಯ, ಕಿರುಬೆರಳಷ್ಟು ದಪ್ಪದ ವೈರು ಒಂದೇ ಏಟಿಗೆ ನುಣ್ಣಗೆ ತುಂಡಾಗಿತ್ತು. ಹತ್ತು ಹೆಜ್ಜೆ ಆಚೆ ಕಟಿಂಗ್ ಮಾಸ್ಟರನ ಬಾಗಿಲು.

ಸದ್ದು ಕೇಳಿ ಕೆಳಗಿನಿಂದ ಗುಂಡಿಯಕ್ಕ ಏದುಸಿರು ಬಿಡುತ್ತ ಬಂದಳು. "ಕತ್ತರಿ ನಂದೇ ಕಣ್ರೀ, ಇಲ್ಲ ಅಂದ್ನಾ? ಅದು ಕಳೆದು ನಾಲ್ಕು ದಿನ ಆಯ್ತು. ಕ್ಯಾಮೆರಾ ಯಾಕೆ ಆರಿಸಿದ್ದೆ ಅಂತೀರಾ? ತಲೆಗೆ ಬಣ್ಣ ಹಚ್ಕೊಂಡು ಕೂತಿದ್ದೆ. ಅದನ್ನ ನಲವತ್ತು ಜನಕ್ಕೆ ತೋರಿಸ್ಲಾ?"

ಪುಸ್ತಕದಣ್ಣನಿಗೆ ನಗು ತಡೆಯಲಾಗಲಿಲ್ಲ. "ನಂಬಬೇಡಿ ತಾತ," ಎಂದು ಅವರ ಕಿವಿಯಲ್ಲಿ ಉಸುರಿದ. "ಮಾಸ್ಟರಂತೂ ಅಲ್ಲವೇ ಅಲ್ಲ. ಆಗ ತಾನೇ ಎತ್ತಿದ ಚೀಟಿಯ ಮೇಲೆ ಅಷ್ಟು ಜನರ ಕಣ್ಣೆದುರು ಮಾತಾಡ್ತಿದ್ದ."

"ಹಾಗಾದ್ರೆ ಆ ಮಾತನ್ನೇ ಕೇಳೋಣ," ಎಂದರು ತಾತ.

ಸಹಾಯಕಿ ಕಳಿಸಿದ, ಮಾಸ್ಟರನ ಭಾಷಣದ ವಿಡಿಯೋ ಮುದ್ರಿಕೆಯನ್ನು ಹಜಾರದಲ್ಲಿ ಹಾಕಿಕೊಂಡು ಕುಳಿತರು. ವಿಷಯ: ಏಣಿ. ನೀಲಿ ಅಂಗಿಯ ಮಾಸ್ಟರ್ ಗಂಟಲು ಸರಿಪಡಿಸಿಕೊಂಡು, "ಏಣಿ ಎಂದೊಡನೆ ನನ್ನನ್ನು ಮೇಲೆತ್ತಿದ ಗುರುಗಳು ಕಣ್ಮುಂದೆ ಬರುತ್ತಾರೆ" ಎಂದು ಆರಂಭಿಸಿದ. ಇಪ್ಪತ್ತನೆಯ ಸೆಕೆಂಡಿಗೆ ಬಟ್ಟೆ ಕ್ಯಾಮೆರಾದ ಮೇಲೆ ಜಾರಿ ಕತ್ತಲಾಯಿತು. "ಪರವಾಗಿಲ್ಲ, ಆ ಹೊತ್ತನ್ನ ಸೇರಿಸಿ ಕೊಡ್ತೀನಿ, ಮುಂದುವರಿಸಿ," ಎಂದಿತು ಸಹಾಯಕಿಯ ದನಿ. ಬೆಳಕು ಬಂದಾಗ ಮಾಸ್ಟರ್ ಗುರುಗಳ ಶಿಸ್ತು, ಕೈಚಳಕ, ಕರುಣೆಗಳನ್ನು ನೀರು ಹರಿದಂತೆ ಬಣ್ಣಿಸುತ್ತಿದ್ದ. "ಗಂಟೆ ಕೇಳಿಸಿತು, ಮುಗಿಸುತ್ತೇನೆ" ಎಂದು ಗುರುವಂದನೆಗೆ ತೊಡಗಿದ. ಗಂಟೆ ಟಣ್ ಎಂದಿತು. ಕೈ ಮುಗಿದ.

"ಭೇಷ್!" ಎಂದ ಪುಸ್ತಕದಣ್ಣ. "ಏನು ಓಘ!"

ತಾತ ಕಣ್ಣು ತೆರೆದು ತಮ್ಮ ಹಾಳೆಯನ್ನೊಮ್ಮೆ ನೋಡಿದರು. "ಸಂಜೆ ಎಲ್ಲರನ್ನೂ ಕರಿ. ಮೇಷ್ಟ್ರು ಆ ನಲವತ್ತು ಜನರನ್ನೂ ಪರದೆ ಮೇಲೆ ಸೇರಿಸ್ಲಿ. ನಕ್ಕೋರು ಒಬ್ಬರೂ ತಪ್ಪಿಸ್ಕೋಬಾರದು."

ಸಂಜೆ ಹಜಾರ ತುಂಬಿತ್ತು. ಕಾರ್ಖಾನೆಯ ಮಾಲೀಕರು ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿದ್ದರು. ಗುಂಡಿಯಕ್ಕ ಹೊಸ ಕಪ್ಪುಗೂದಲನ್ನು ಸಾಕ್ಷ್ಯವೆಂಬಂತೆ ಬಿಚ್ಚಿ ಹರಡಿಕೊಂಡು, ಮೌನಕ್ಕನಿಗೆ ಬೆನ್ನು ತಿರುಗಿಸಿ ಕುಳಿತಿದ್ದಳು. ಮಾಸ್ಟರ್ ಕೈಕಟ್ಟಿ ಗೋಡೆಗೊರಗಿದ್ದ. ಮೇಜಿನ ಮೇಲಿನ ಪರದೆಯಲ್ಲಿ ಮೇಷ್ಟ್ರು, ಸಹಾಯಕಿ ಮತ್ತು ವಿದ್ಯಾರ್ಥಿಗಳ ಮುಖಗಳು ಜೇನುಗೂಡಿನಂತೆ ತುಂಬಿದ್ದವು.

"ಮೊದಲು ಕತ್ತರಿ," ಎಂದು ತಾತ ಆರಂಭಿಸಿದರು. "ನೂಲುಗತ್ತರಿಯಿಂದ ಆ ವೈರು ಕಡಿದರೆ ಇಲಿ ಕಚ್ಚಿದ ಹಾಗಿರ್ತಿತ್ತು. ಇದು ಹತ್ತು ಪದರ ಬಟ್ಟೆ ಕಡಿಯೋ ದೊಡ್ಡ ಕತ್ತರಿಯ ಏಟು. ಗುಂಡಿಯಕ್ಕನ ಕತ್ತರಿನ ಅಲ್ಲಿ ಯಾರೋ ಬೇಕಂತಲೇ ಹಾಕಿದ್ದಾರೆ."

"ದೊಡ್ಡ ಕತ್ತರಿ ಇರೋದು ನನ್ನ ಹತ್ರ, ಅದಕ್ಕೆ ನಾನೇ ಕಳ್ಳನಾ?" ಎಂದು ಮಾಸ್ಟರ್ ನಕ್ಕ. "ಆಗ ನಾನು ಭಾಷಣ ಮಾಡ್ತಿದ್ದೆ ಸ್ವಾಮಿ. ಏಣಿ ಬರುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಬೀಳಬೇಕಾಗಿರಲಿಲ್ಲ. ಮೇಷ್ಟ್ರೇ, ಗೊತ್ತಿಲ್ಲದ ವಿಷಯ ಬಂದ್ರೆ ಏನು ಮಾಡಬೇಕು ಅಂತ ಕಲಿಸ್ತೀರಿ?"

ಮೇಷ್ಟ್ರು ತುಸು ನಾಚಿದರು. "ಎರಡು ವಾಕ್ಯದಲ್ಲಿ ಗೊತ್ತಿರೋ ವಿಷಯಕ್ಕೆ ದಾರಿ ಮಾಡ್ಕೊಳ್ಳಿ ಅಂತೀನಿ."

"ಇವನು ಅದನ್ನೇ ಮಾಡಿದ. ಏಣಿ ಅನ್ನೋ ಮಾತು ನನ್ನ ಹಾಳೆಯಲ್ಲಿ ಮೊದಲನೇ ಸಾಲಿನಲ್ಲಿದೆ, ಆಮೇಲೆ ಒಂದು ಸಲಾನೂ ಇಲ್ಲ. ಚೀಟಿಯಲ್ಲಿ ಬಾಲ್ದಿ ಬಂದಿದ್ರೂ ಇವನು ಗುರುಗಳ ಮನೆಗೇ ಹೋಗ್ತಿದ್ದ. ಆ ಗುರುಭಕ್ತಿ ಮೊದಲೇ ಮುದ್ರಿಸಿಟ್ಟದ್ದು. ಬಟ್ಟೆ ತಾನಾಗಿ ಜಾರಲಿಲ್ಲ, ಇವನೇ ಜಾರಿಸಿದ. ಆ ಕತ್ತಲಲ್ಲಿ ಕ್ಯಾಮೆರಾದ ಬದಲು, ಕತ್ತಲಿಂದಲೇ ಶುರುವಾಗೋ ಆ ಮುದ್ರಿಕೆ ಹಾಕಿ ಹೊರಗೆ ಹೋದ. ಐದು ಸೆಕೆಂಡಿಗೆ ಈ ಮಗಳ ಸಂಪರ್ಕ ಹೋಯ್ತು."

"ಊಹೆ! ಬರೀ ಊಹೆ!"

"ನ್ಯಾಯಾಲಯದಲ್ಲಿ ನಾವು ಸಾಕ್ಷಿಯ ಕೆಮ್ಮನ್ನೂ ಬರ್ಕೋತಿದ್ವಿ ಕಣಪ್ಪ. ನಿನ್ನ ಗಂಟೇನೂ ಬರ್ಕೊಂಡಿದೀನಿ." ತಾತ ಹಾಳೆ ಎತ್ತಿದರು. "ಟೀಚರಮ್ಮ, ಬಟ್ಟೆ ಜಾರಿದ ಹೊತ್ತನ್ನ ಸೇರಿಸಿ ಕೊಟ್ರಲ್ಲ, ಗಂಟೆ ಯಾವಾಗ ಹೊಡೆದ್ರಿ?"

"ಹತ್ತು ಸೆಕೆಂಡು ತಡವಾಗಿ," ಎಂದಳು ಸಹಾಯಕಿ.

"ಇವನು 'ಗಂಟೆ ಕೇಳಿಸಿತು' ಅಂದಾಗ ಗಂಟೆ ಇನ್ನೂ ಹೊಡೆದಿರಲಿಲ್ಲ. ಮನೇಲಿ ಮುದ್ರಿಸುವಾಗ ಎರಡೂವರೆ ನಿಮಿಷ ನೋಡ್ಕೊಂಡು ಆ ಮಾತು ಸೇರಿಸಿದ್ದ. ನೀವು ಕರುಣೆ ತೋರಿಸ್ತೀರಿ ಅನ್ನೋದು ಇವನ ಲೆಕ್ಕದಲ್ಲಿರಲಿಲ್ಲ."

ಮುದ್ರಿಕೆಯನ್ನು ಮತ್ತೆ ಹಾಕಿದರು. ಮೊದಲು ಮಾತು, ಆಮೇಲೆ ಗಂಟೆ. ಭೇಷ್ ಎಂದ ತನ್ನ ಬಾಯನ್ನು ಪುಸ್ತಕದಣ್ಣ ಅಂಗೈಯಿಂದ ಮುಚ್ಚಿಕೊಂಡ.

ಮಾಸ್ಟರನ ಮುಖ ಕಪ್ಪಿಟ್ಟಿತು. "ಹೌದು, ಮಾಡ್ದೆ!" ಎಂದು ಅರಚಿದ. "ನಾನು ಕತ್ತರಿಸಿದ ನೂರು ಅಂಗಿಯ ತೋಳು ಗಿಡ್ಡ ಆಗಿದ್ದಕ್ಕೆ ಇವಳೇನು ಮಾಡಿದ್ಲು ಗೊತ್ತಾ? ಒಂದು ತೋಳನ್ನ ಮಾಲೀಕರ ಮುಂದೆ ಎತ್ತಿ ಹಿಡಿದು ಸುಮ್ನೆ ನಿಂತ್ಲು. ಇಡೀ ಕಾರ್ಖಾನೆ ನಕ್ತು. ಇವತ್ತಿಗೂ ನನ್ನನ್ನ ಗಿಡ್ಡತೋಳು ಅಂತಾರೆ. ಇವಳ ಬಾಯಿ ನೋಡಿಯೂ ಜನ ನಗಲಿ ಅಂತ ಮಾಡ್ದೆ."

ಮಾಲೀಕರು ಎದ್ದರು. "ನಾಳೆಯಿಂದ ನೀನು ಬರೋದು ಬೇಡ."

"ನಿಲ್ಲಿ," ಎಂದಳು ಮೌನಕ್ಕ. "ಅಷ್ಟು ಸಾ... ಸಾಲದು." ಮೇಜಿನ ಮೇಲಿನ ಯಂತ್ರವನ್ನು ಮಾಸ್ಟರನತ್ತ ತಿರುಗಿಸಿ, ತನ್ನ ಹೆಗಲ ಮೇಲಿನ ಬಟ್ಟೆಯನ್ನು ಪರದೆಗೆ ಇಳಿಬಿಟ್ಟಳು. "ವಿಷಯ, ನಾನು ಮಾಡಿದ್ದು. ಮೂರು ನಿಮಿಷ. ಶುರು ಮಾಡಿ."

ಅವನು ಬಾಗಿಲತ್ತ ನೋಡಿದ. ಅಲ್ಲಿ ಗುಂಡಿಯಕ್ಕ ತನ್ನ ಕುರ್ಚಿಯನ್ನೇ ಅಡ್ಡ ಎಳೆದುಕೊಂಡು ಕುಳಿತಿದ್ದಳು. "ಮಾತಾಡಪ್ಪ ಗುರುಭಕ್ತ," ಎಂದಳು. "ಹೊತ್ತು ಹೋಗ್ತಿದೆ."

"ನಾನು..." ಎಂದ ಮಾಸ್ಟರ್. ಆಮೇಲೆ ಬಾಯಿ ತೆರೆದೇ ಉಳಿಯಿತು. ಬಟ್ಟೆಯ ಹಿಂದಿನ ನಲವತ್ತು ಮಂದಿ ನಗುತ್ತಿದ್ದಾರೋ ಇಲ್ಲವೋ ಅವನಿಗೆ ಕಾಣುವಂತಿರಲಿಲ್ಲ. ಹಣೆಯ ಬೆವರು ಗಲ್ಲಕ್ಕಿಳಿಯಿತು. ಮೇಷ್ಟ್ರು ಒಮ್ಮೆ ಕೆಮ್ಮಿ, "ಸಾಕೇನಮ್ಮ?" ಎಂದರು. ಮೌನಕ್ಕ ಗೋಡೆಯ ಗಡಿಯಾರದಿಂದ ಕಣ್ಣು ತೆಗೆಯದೆ ತಲೆಯಲ್ಲಾಡಿಸಿದಳು. ಪೂರ್ತಿ ಮೂರು ನಿಮಿಷ ಕಳೆದ ಮೇಲೆಯೇ ಬಟ್ಟೆ ತೆಗೆದದ್ದು. ಆಗ ಮಾಸ್ಟರ್ ಮಕ್ಕಳಂತೆ ಅಳುತ್ತಿದ್ದ. ಅವಳ ಮುಖದಲ್ಲಿ ಕನಿಕರದ ಸುಳಿವೇ ಇರಲಿಲ್ಲ.

"ನಿನ್ನ ಬೀಗದ ಭಾಷಣ ಈಗ ಮಾಡಮ್ಮ," ಎಂದರು ಮೇಷ್ಟ್ರು. "ಸೊನ್ನೆ ಹೊಡೆದು ಹಾಕ್ತೀನಿ."

"ಅದು ಹೋ... ಹೋಯ್ತು ಮೇಷ್ಟ್ರೇ. ನಂಗೂ ನೆನಪಿಲ್ಲ. ಬೇರೆ ಚೀಟಿ ಎತ್ತಿ."

ಬಂದ ವಿಷಯ ಸೋಪು. ಮೊದಲ ವಾಕ್ಯದಲ್ಲೇ ನಾಲಿಗೆ ಮೂರು ಸಲ ತಡೆಯಿತು. ಅವಳು ನಿಲ್ಲಿಸಲಿಲ್ಲ. ತಡೆದಲ್ಲೆಲ್ಲ ಕಾದು, ಕೇಳುವವರನ್ನೂ ಕಾಯಿಸಿ, ಗಂಟೆಯವರೆಗೂ ಮಾತಾಡಿದಳು. ಯಾರೂ ನಗಲಿಲ್ಲ, ನಗುವ ಧೈರ್ಯ ಯಾರಿಗೂ ಇರಲಿಲ್ಲ. ತರಬೇತುದಾರಳ ನೇಮಕಪತ್ರಕ್ಕೆ ಮಾಲೀಕರು ಅಲ್ಲಿಯೇ ಸಹಿ ಹಾಕಿದರು. ಗುಂಡಿಯಕ್ಕ ಮಾತ್ರ ಹೊರಡುವಾಗ, "ನನ್ನ ಮೇಲೆ ಗುಮಾನಿ ಪಟ್ಯಲ್ಲ, ಅದನ್ನ ನಾನು ಮರೆಯೋಳಲ್ಲ ಕಣೇ," ಎಂದು ಹೇಳಿಯೇ ಹೋದಳು.

ಮರುದಿನ ಬೆಳಗ್ಗೆ ಪುಸ್ತಕದಣ್ಣ ಕಾದಂಬರಿಗಳನ್ನು ಜೋಡಿಸಿ ಹಗ್ಗ ಬಿಗಿದ. ಗಂಟು ಹೊತ್ತು ಹೊಸಿಲ ಬಳಿ ನಿಂತು, "ತಾತ, ಆ ಮೂರು ನಿಮಿಷ ನನಗೇ ನೋಡಕ್ಕಾಗ್ಲಿಲ್ಲ. ನೀವಾದ್ರೂ ತಡೀಬಹುದಿತ್ತು," ಎಂದ.

"ತಡೀಬಹುದಿತ್ತು," ಎಂದರು ತಾತ, ಪೆನ್ಸಿಲಿನ ಮೊನೆ ಚೂಪು ಮಾಡುತ್ತ. "ಬಸ್ಸು ತಪ್ಪುತ್ತೆ, ಹೊರಡು."

ಅವನು ಬೀದಿಗಿಳಿದು ಬಸ್ಸು ನಿಲ್ದಾಣದತ್ತ ನಡೆದ.